ನೀರು ತೋರಿಸಿದ ಗೋಡೆ

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಒಂದೇ ಮಾತಿಗೆ ಎರಡು ಅರ್ಥ ಇರುತ್ತವೆ, ಸಂದರ್ಭ ನೋಡಿ ತಿಳಿದುಕೊಳ್ಳಬೇಕು ಎಂದು ಮಕ್ಕಳಿಗೆ ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದೇನೆ. ನಾನು ಹುಟ್ಟಿದ ಊರೇ ಅದಕ್ಕೆ ಒಳ್ಳೆಯ ಉದಾಹರಣೆ. ಮಂಗಳೂರು ಎಂದ ಕೂಡಲೇ ಎಲ್ಲರೂ ಸಮುದ್ರ, ಮೀನು ಎನ್ನುತ್ತಾರೆ. ನಮ್ಮ ಮಂಗಳೂರು ಯಲಬುರ್ಗಾ ಕಡೆಯದು. ಅಲ್ಲಿ ಇರುವುದು ಎರೆಹೊಲ. ಇಷ್ಟೆಲ್ಲ ತಿಳಿದವಳು ನನ್ನ ಸ್ವಂತ ಮನೆಯ ಮುಂದಿನ ಗೋಡೆಯನ್ನು ಒಂದು ಮಾತಿನ ಅರ್ಥ ತಪ್ಪಾಗಿ ಹಿಡಿದು ಕೆಡಿಸಿದೆ. ಗೋಡೆಯ ಜೊತೆಗೆ ಒಬ್ಬ ಮನುಷ್ಯನ ಕೆಲಸವನ್ನೂ ಕೆಡಿಸುವುದರಲ್ಲಿದ್ದೆ.

ಕುಷ್ಟಗಿಯಲ್ಲಿ ಮನೆ ಕಟ್ಟಿಸುವಾಗ ಇಟ್ಟಿಗೆಯ ಬದಲು ಬಿಳಿ ಬ್ಲಾಕು ತರಿಸಿದ್ದು ನನ್ನ ಗಂಡನ ಹಟ. ಹಗುರ ಇರುತ್ತದೆ, ಒಳಗೆ ತಂಪಿರುತ್ತದೆ, ಕೆಲಸ ಬೇಗ ಮುಗಿಯುತ್ತದೆ ಎಂದು ಅವರು ಎಲ್ಲೋ ಕೇಳಿಕೊಂಡು ಬಂದಿದ್ದರು. ನನಗೆ ಮನಸ್ಸಿರಲಿಲ್ಲ. ನಮ್ಮಪ್ಪನ ಮನೆಯ ಗೋಡೆ ಕಲ್ಲಿನದು, ಎರಡು ಮೊಳ ದಪ್ಪ, ಕಿಟಕಿಯಲ್ಲಿ ಕಾಲು ಮಡಚಿ ಕೂತು ಓದಿ ನಾನು ಬಿ.ಎಡ್ ಮುಗಿಸಿದ್ದೆ. ಈ ಬಿಳಿ ಬ್ಲಾಕನ್ನು ನಾನೇ ಒಬ್ಬಳು ಎತ್ತಿ ಸೊಂಟದ ಮೇಲೆ ಇಟ್ಟುಕೊಳ್ಳಬಹುದಿತ್ತು. ಗೌಂಡಿ, ಅಂದರೆ ಗೋಡೆ ಕಟ್ಟುವ ಮೇಸ್ತ್ರಿ, ಅದನ್ನು ಗರಗಸದಿಂದ ಕೊಯ್ಯುತ್ತಿದ್ದರು. ದಾರಿಯಲ್ಲಿ ಹೋಗುವವರು ನಿಂತು, "ಏನ್ರಿ ಅಕ್ಕೋರ, ಮನಿ ಕಟ್ಟಾಕತ್ತೀರೋ, ಕುರ್ಚಿ ಮಾಡಸಾಕತ್ತೀರೋ?" ಎಂದು ಕೇಳಿ ನಗುತ್ತಿದ್ದರು. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಊರಿನ ಅರ್ಧ ಜನ ನನ್ನ ಹತ್ತಿರ ಕಲಿತವರು, ಅದಕ್ಕೇ ಅಷ್ಟು ಸದರ.

ಗೌಂಡಿ ಗಂಗಾವತಿಯವರು. ಅರವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ, ಒಂದು ಮೊಣಕಾಲು ನೋವು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರ ಹೆಂಡತಿಯೂ ಜೊತೆಗೇ ಬಂದು ಉಸುಕು ಸಿಮೆಂಟು ಕಲಸಿ ಮಾಲು ಮಾಡಿ ಕೊಡುತ್ತಿದ್ದರು. ಇಬ್ಬರದೂ ಎಲ್ಲಿ ಕೆಲಸವೋ ಅಲ್ಲೇ ಬಿಡಾರ. ನಮ್ಮ ಮನೆಯಲ್ಲಿ ಇನ್ನೂ ಬಾಗಿಲು ಇಡದ ಅಡುಗೆಮನೆಯಲ್ಲಿ ಒಲೆ ಹೂಡಿಕೊಂಡಿದ್ದರು. ಹಾಗೆ ಇನ್ನೊಬ್ಬರ ಅರ್ಧ ಕಟ್ಟಿದ ಮನೆಗಳಲ್ಲೇ ಅವರ ಸಂಸಾರ ಮೂವತ್ತು ವರ್ಷ ಕಳೆದಿತ್ತು. ಗಂಗಾವತಿಯಲ್ಲಿ ಇವರದೂ ಒಂದು ಮನೆ ಇದೆ, ಎರಡೇ ಕೋಣೆಯದು. "ಅದಕ್ಕ ಗಿಲಾವು ಮಾಡಾಕ ಇವರಿಗೆ ಇನ್ನೂ ಪುರಸೊತ್ತ ಸಿಕ್ಕಿಲ್ಲರಿ" ಎಂದು ಕಾಕಾನ ಹೆಂಡತಿ ಒಮ್ಮೆ ಹೇಳಿದ್ದರು. ಗಿಲಾವು ಎಂದರೆ ಗೋಡೆಗೆ ಮಾಲು ಮೆತ್ತಿ ನುಣ್ಣಗೆ ಮಾಡುವುದು. ಪುಸ್ತಕದಲ್ಲಿ ಗಾರೆ ಎಂದು ಬರೆಯುತ್ತೇವೆ, ನಮ್ಮ ಬಾಯಲ್ಲಿ ಗಿಲಾವೇ.

ಕಾಕಾ ಈ ಬಿಳಿ ಬ್ಲಾಕಿನ ಗಿಲಾವು ಕಲಿತು ಮೂರು ವರ್ಷ ಆಗಿತ್ತು. ನಮ್ಮ ಭಾವನವರು, ಅಂದರೆ ನನ್ನ ಗಂಡನ ಅಣ್ಣ, ಕಾರಟಗಿಯಲ್ಲಿ ಭತ್ತದ ವ್ಯಾಪಾರ ಮಾಡುವವರು. ಅವರೂ ಇದೇ ಬ್ಲಾಕಿನಲ್ಲಿ ದೊಡ್ಡ ಗೋದಾಮು, ಅದರ ಮಗ್ಗುಲಿಗೆ ಎರಡು ಮನೆ ಕಟ್ಟಿಸುತ್ತಿದ್ದರು. ಗಿಲಾವಿನ ಕೆಲಸವೇ ಒಂದು ವರ್ಷದಷ್ಟಿತ್ತು. "ತಮ್ಮನ ಮನಿ ಮುಂದಿನ ಗ್ವಾಡಿ ಮುಗೀಲಿ, ನೋಡಿ ಹೇಳ್ತೀನಿ" ಎಂದು ಭಾವನವರು ಕಾಕಾನಿಗೆ ಹೇಳಿದ್ದರು. ಕಾರಟಗಿ ಗಂಗಾವತಿಗೆ ಹತ್ತಿರ. ಆ ಕೆಲಸ ಸಿಕ್ಕರೆ ಮುಂಜಾನೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ಮನೆಗೇ ಬರಬಹುದು. ಮಾತು ಕಡಿಮೆಯ ಕಾಕಾ ಇದನ್ನು ಮಾತ್ರ ನನಗೆ ಮೂರು ಸಲ ಹೇಳಿದ್ದರು. "ಒಂದು ವರ್ಸ ನಮ್ಮ ಮನ್ಯಾಗ ನಾವು ಮಲಗಿ ಏಳತೀವ್ರಿ" ಎನ್ನುವಾಗ ಅವರ ಮುಖ ನೋಡಬೇಕಿತ್ತು.

ಅದು ಬೇಸಿಗೆ ರಜೆ. ನಾವು ಎರಡು ಓಣಿ ಆಚೆ ಬಾಡಿಗೆ ಮನೆಯಲ್ಲಿದ್ದೆವು. ಗಂಡ ಮುಂಜಾನೆ ಕೊಪ್ಪಳದ ಆಫೀಸಿಗೆ ಹೋದರೆ ಸಂಜೆಯೇ ಬರುವುದು. ಹಾಗಾಗಿ ಕಟ್ಟಡಕ್ಕೆ ನೀರು ಹೊಡೆಯುವ ಕೆಲಸ ನನ್ನದು. ಕಂಬಕ್ಕೆ, ಮೇಲಿನ ಛತ್ತಿಗೆ ರಜೆಗೆ ಮುಂಚೆಯೂ ಶಾಲೆಯ ಹೊತ್ತು ಬಿಟ್ಟು ಎರಡು ತಿಂಗಳು ಪೈಪು ಹಿಡಿದು ನಿಂತಿದ್ದೆ. "ಅಕ್ಕೋರು ನೀರು ಹೊಡದ್ರ ಸಿಮಿಟು ಉಕ್ಕ ಆಗತೈತಿ" ಎಂದು ಕಾಕಾ ಹೊಗಳಿದ್ದರು. ಹೊಗಳಿಕೆ ಕೆಟ್ಟದ್ದು, ನೆತ್ತಿಗೆ ಏರುತ್ತದೆ. ಆದರೆ ಒಳಗಿನ ಗೋಡೆಗಳಿಗೆ ಗಿಲಾವು ಮಾಡುವ ಮುಂಚೆ ಅವರು ಏನು ಮಾಡುತ್ತಿದ್ದರು ಎನ್ನುವುದನ್ನು ನಾನು ನೋಡಿರಲೇ ಇಲ್ಲ. ನಾನು ಚಹಾ ತೆಗೆದುಕೊಂಡು ಹೋಗುವಷ್ಟರಲ್ಲಿ ಹತ್ತು ಗಂಟೆ, ಕೆಲಸ ಅರ್ಧ ಗೋಡೆ ದಾಟಿರುತ್ತಿತ್ತು.

ಮುಂದಿನ ಗೋಡೆಯ ಸರದಿ ಬಂತು. ಪೂರ್ವಕ್ಕೆ ಮುಖ ಮಾಡಿದ, ರಸ್ತೆಗೆ ಕಾಣುವ ಗೋಡೆ. ಹಿಂದಿನ ದಿನ ಕಾಕಾ ಮತ್ತು ಅವರ ಹೆಂಡತಿ ನೆಂಟರ ಮದುವೆಗೆಂದು ಗಂಗಾವತಿಗೆ ಹೊರಟರು. ಬಸ್ಸು ಹತ್ತುವ ಮುಂಚೆ ನನ್ನ ಹತ್ತಿರ ಬಂದು ಹೇಳಿದರು:

"ನಾಳಿ ನಾವು ಬರಾಕ ಹತ್ತು ಆಗತೈತ್ರಿ. ಬಂದ ಕೂಡ್ಲೆ ಕೆಲಸ ಹಿಡೀಬೇಕು. ಮುಂಜಾನಿ ಗ್ವಾಡಿಗೆ ನೀರು ತೋರಿಸಿಡ್ರಿ ಅಕ್ಕೋರ."

"ಹೂಂ ಕಾಕಾ, ತೋರಿಸಿಡತೀನಿ" ಎಂದೆ.

ಈಗ ನೀರು ತೋರಿಸುವುದು ಎಂದರೆ ಏನು? ಒಕ್ಕಲುತನದ ಮನೆಯಲ್ಲಿ ಬೆಳೆದ ಯಾರನ್ನು ಬೇಕಾದರೂ ಕೇಳಿ. ಎತ್ತಿಗೆ ನೀರು ತೋರಿಸುವುದು ಎಂದರೆ ಹೊಟ್ಟೆ ತುಂಬ ಕುಡಿಸುವುದು. ನಮ್ಮಪ್ಪ ನೊಗ ಹೂಡುವ ಮುಂಚೆ ಎತ್ತುಗಳನ್ನು ನೀರಿನ ಬಾನಿಗೆ ಬಿಟ್ಟು, ಅವು ತಾವಾಗಿ ಮುಖ ಎತ್ತುವ ತನಕ ಪಕ್ಕದಲ್ಲಿ ನಿಂತಿರುತ್ತಿದ್ದ. ನಡುವೆ ಹಗ್ಗ ಎಳೆದರೆ ನಮಗೆ ಬೈಗುಳ ಬೀಳುತ್ತಿತ್ತು. "ಮೂಕ ಪ್ರಾಣಿ, ಸಾಕು ಅಂತ ಅದ ಹೇಳಬೇಕು" ಎನ್ನುತ್ತಿದ್ದ.

ನಾನು ಮುಂಜಾನೆ ಐದಕ್ಕೆ ಎದ್ದು ಹೋಗಿ ಪೈಪು ಹಿಡಿದೆ. ಕೆಂಪು ಇಟ್ಟಿಗೆಯಾದರೆ ಗಟಗಟ ಕುಡಿದು ಸುಮ್ಮನಾಗುತ್ತದೆ, ಆಮೇಲೆ ನೀರು ಕೆಳಗೆ ಹರಿಯುತ್ತದೆ. ಈ ಬಿಳಿ ಗೋಡೆ ಹಾಗೆ ಮಾಡಲಿಲ್ಲ. ಮೇಲೆ ಹೊಡೆದ ನೀರು ಸ್ವಲ್ಪ ಇಳಿಯುವಂತೆ ಕಾಣುತ್ತಿತ್ತು, ಐದು ನಿಮಿಷ ಬಿಟ್ಟು ನೋಡಿದರೆ ಮತ್ತೆ ಬೆಳ್ಳಗೆ ಒಣಗಿ ಇನ್ನಷ್ಟು ಕೊಡು ಎನ್ನುವಂತಿತ್ತು. ನಾನೂ ಕೊಟ್ಟೆ. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಸಾಕು ಅಂತ ಅದೇ ಹೇಳಲಿ ಎಂದು ಕಾದೆ. ಅದು ಹೇಳಲಿಲ್ಲ, ಏಳೂವರೆಗೆ ನೀರಿನ ಟಾಕಿಯೇ ಬರಿದಾಯಿತು. ಕೆಲಸ ಚೊಕ್ಕ ಮಾಡಿದೆ ಎಂಬ ಸಮಾಧಾನದಲ್ಲಿ ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಕಾಕಾ ಬರುವ ಹೊತ್ತಿಗೆ ನಮ್ಮ ಊರಿನ ಏಪ್ರಿಲ್ ಬಿಸಿಲು ಗೋಡೆಯ ಮೈಯನ್ನು ಒಣಗಿಸಿ ಇಟ್ಟಿತ್ತು. ಅವರು ಕೈ ಆಡಿಸಿ ನೋಡಿ, ಸರಿ ಎಂದು ಗೋಣು ಹಾಕಿ, ಮಾಲು ಕಲಸಲು ಹೆಂಡತಿಗೆ ಹೇಳಿದರು. ಮೊದಲು ಸಿಮೆಂಟಿನ ತಿಳಿಯನ್ನು ಗೋಡೆಗೆ ಎರಚಿದರು. ಮರುದಿನ ಅದರ ಮೇಲೆ ತೆಳ್ಳಗೆ ಮಾಲು ಹಾಕಿ, ಮಟ್ಟಗೋಲು ಎಳೆದು, ಉಜ್ಜಿ ಬಿಟ್ಟರು. ಸಂಜೆ ಬಿಸಿಲಿಳಿದಾಗ ರಸ್ತೆಯ ಆಚೆ ನಿಂತು ನೋಡಿದೆ, ಅಷ್ಟು ಚಂದದ ಗೋಡೆ ನಮ್ಮ ಓಣಿಯಲ್ಲಿ ಇರಲಿಲ್ಲ.

ಎಂಟನೆಯ ದಿನ ಸಣ್ಣ ಬಿರುಕು ಕಂಡಿತು. ಹತ್ತನೆಯ ದಿನ ಗೋಡೆಯ ತುಂಬ. ತಟ್ಟುವಾಗ ಹದ ತಪ್ಪಿದ ಜೋಳದ ರೊಟ್ಟಿಯ ಅಂಚು ಬಿರಿಯುವುದಿಲ್ಲವೇ, ಹಾಗೆ. ಕಾಕಾ ಕರಣೆಯ ಹಿಡಿಯಿಂದ ಕುಟ್ಟಿದರೆ ಅಲ್ಲಲ್ಲಿ ಟೊಳ್ಳು ಸದ್ದು ಬಂತು. ಒಂದು ಕಡೆ ಒಡೆದು ತೆಗೆದು, ಒಳಗಿನ ಬ್ಲಾಕಿಗೆ ಉಳಿ ಹಾಕಿ ಎರಡು ಬೆರಳು ಆಳ ಕೆತ್ತಿದರು. ಪುಡಿಯನ್ನು ಹಿಂಡಿ ನೋಡಿದರು. ಹಿಟ್ಟಿನ ಹಾಗೆ ಮುದ್ದೆ ಕಟ್ಟಿತು.

"ಒಳಗ ಇನ್ನೂ ಹಸಿ ಐತಿ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಹೆಂಡತಿಗೆ, "ಇದು ಕುಡದು ಉಬ್ಬತೈತಿ, ಆರಿದ ಮ್ಯಾಲ ಕುಗ್ಗತೈತಿ. ಇದು ಕುಗ್ಗಿದ್ರ ಮ್ಯಾಲಿನ ಗಿಲಾವು ತಾಳತೈತೇನು? ಅದಕ್ಕ ನಾನು ಬರೇ ಬ್ರಷ್‌ನ್ಯಾಗ ಮೈ ತೋಯ್ಸೂದು" ಎಂದರು.

ನಾನು ಪಕ್ಕದಲ್ಲೇ ನಿಂತಿದ್ದೆ. ಟಾಕಿ ಬರಿದಾಗುವ ತನಕ ಪೈಪು ಹಿಡಿದದ್ದು ನೆನಪಾಯಿತು. ಕಾಕಾ ನನ್ನ ಕಡೆ ಒಮ್ಮೆ ನೋಡಿದರು, ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಕೇಳಲಿಲ್ಲ, ನಾನೂ ಹೇಳಲಿಲ್ಲ. ಚಹಾದ ಲೋಟ ಎತ್ತಿಕೊಂಡು ಮನೆಗೆ ಬಂದೆ.

ಆ ಭಾನುವಾರವೇ ಭಾವನವರು ಕಾರಟಗಿಯಿಂದ ಗೋಡೆ ನೋಡಲು ಬಂದರು. ಗಾಡಿಯಿಂದ ಇಳಿದವರು ಒಳಗೂ ಬರದೆ ನೇರ ಮುಂದಿನ ಗೋಡೆಯ ಹತ್ತಿರ ಹೋದರು. ನಾನು ಕಾಕಾನ ಒಲೆಯ ಮೇಲೆ ಚಹಾ ಮಾಡಿ ತಟ್ಟೆ ಹಿಡಿದು ಹೊರಗೆ ಬಂದಾಗ ಅವರು ಬಿರುಕಿನ ಮೇಲೆ ಬೆರಳು ಎಳೆಯುತ್ತಿದ್ದರು.

"ಏನ್ರಿ ಮೇಸ್ತ್ರಿ ಇದು?"

"ತಪ್ಪು ನಂದರಿ" ಎಂದರು ಕಾಕಾ. "ಮಾಲಿನ ಹದಾ ತಪ್ಪೇತ್ರಿ. ಪೂರಾ ತಗದು ಮತ್ತ ಮಾಡಿ ಕೊಡತೀನಿ."

ಮಾಲಿನ ಹದ ತಪ್ಪಿರಲಿಲ್ಲ. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ತರಗತಿಯಲ್ಲಿ ಒಬ್ಬರ ತಪ್ಪಿಗೆ ಇನ್ನೊಬ್ಬರು ಏಟು ತಿನ್ನುವುದು ಕಂಡರೆ ನಾನು ಪಾಠ ನಿಲ್ಲಿಸಿ ಅರ್ಧ ಗಂಟೆ ಉಪದೇಶ ಮಾಡುವವಳು. ಇಲ್ಲಿ ಓದಿದ ಸೊಸೆ ಎಂದು ಆ ಮನೆಯಲ್ಲಿ ನನಗಿದ್ದ ಮರ್ಯಾದೆಯ ಚಿಂತೆ ನನಗೆ. ಭಾವನವರು ನಿಂತುಕೊಂಡೇ ಚಹಾ ಕುಡಿದು ಮುಗಿಸುವಷ್ಟು ಹೊತ್ತು ನಾನು ತಟ್ಟೆ ಹಿಡಿದು ನೆಲ ನೋಡಿದೆ.

"ಆತು ಬಿಡ್ರಿ. ನೋಡೂಣು" ಎಂದು ಅವರು ಲೋಟ ಇಟ್ಟರು.

ನಮ್ಮ ಕಡೆ ನೋಡೂಣು ಎಂದರೆ ಇಲ್ಲ ಎಂದೇ ಅರ್ಥ. ವಧು ನೋಡಲು ಬಂದವರೂ ಹಾಗೇ ಅನ್ನುತ್ತಾರೆ, ಸಾಲ ಕೇಳಿಸಿಕೊಂಡವರೂ ಹಾಗೇ ಅನ್ನುತ್ತಾರೆ. ಆ ಮಾತು ಕೇಳಿ ಕಾಕಾನ ಹೆಂಡತಿ ಮಾಲು ಕಲಸುತ್ತಿದ್ದ ಸಲಿಕೆ ನಿಲ್ಲಿಸಿದರು. ಸೆರಗಿನಲ್ಲಿ ಬೆವರು ಒರೆಸಿಕೊಂಡು, ಮತ್ತೆ ಬಗ್ಗಿ ಕಲಸತೊಡಗಿದರು. ಅದನ್ನು ನನ್ನಿಂದ ನೋಡಲಾಗಲಿಲ್ಲ.

"ಭಾವಾರ, ಗ್ವಾಡಿ ಕೆಡಿಸಿದಾಕಿ ನಾನು" ಎಂದೆ. "ಕಾಕಾ ನೀರು ತೋರಸ್ರಿ ಅಂದಿದ್ರು. ನಾನು ಎತ್ತಿಗೆ ತೋರಿಸಿದಂಗ ತೋರಿಸಿದೆ. ಟಾಕಿ ಖಾಲಿ ಆಗೂ ಮಟ."

ಭಾವನವರ ಹೊಟ್ಟೆ ನಗುವಿನಿಂದ ಕುಣಿಯತೊಡಗಿತು. ಅವರು ನಕ್ಕರೆ ಓಣಿಯ ಆ ತುದಿಗೆ ಕೇಳುತ್ತದೆ.

"ಅಲ್ರಿ ಮೇಸ್ತ್ರಿ, ಮತ್ತ ನೀರು ತೋರಸೂದು ಅಂದ್ರ ಏನು? ಎತ್ತಿಗೆ ಬರೇ ನೀರು ತೋರಿಸಿ ತಿರುಗಿ ಹೊಡಕೊಂಡು ಬಂದ್ರ ಅವು ನಮ್ಮನ್ನ ಹಾಯೂದಿಲ್ಲೇನು? ನಾನಾಗಿದ್ರೂ ಕುಡಿಸೇ ಕುಡಿಸ್ತಿದ್ದೆ!"

"ನಮ್ಮ ಕೆಲಸದಾಗ ಹಂಗಲ್ಲರಿ" ಎಂದು ಕಾಕಾ ತಬ್ಬಿಬ್ಬಾದರು. "ನಮ್ಮಲ್ಲಿ ತೋರಸೂದು ಅಂದ್ರ ತೋರಸೂದ. ಮೈ ಹಸಿ ಆದ್ರ ಸಾಕು."

"ನಮ್ಮ ಹೊಸಾ ಗೋದಾಮಿಗೆ ನೀರು ಹೊಡಿಯೂ ಹಮಾಲರೆಲ್ಲ ಒಕ್ಕಲಿಗರ ಮಕ್ಕಳ ಅದಾರ. ಅವರಿಗೆ ಈ ಮಾತು ಹೇಳಬ್ಯಾಡ್ರಿ ಮತ್ತ" ಎಂದು ಭಾವನವರು ಗಾಡಿ ಹತ್ತಿದರು. ಹತ್ತಿದವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇದು ಮುಗದ ಮ್ಯಾಲ ಕಾರಟಗಿಗೆ ಬಂದು ಅಳತಿ ತಗೋರಿ" ಎಂದು ಹೇಳಿ ಹೋದರು. ನನ್ನ ಮರ್ಯಾದೆಗೆ ಏನೂ ಆಗಲಿಲ್ಲ. ಇವತ್ತಿಗೂ ಆ ಮನೆಯಲ್ಲಿ ಊಟಕ್ಕೆ ಕೂತಾಗ ಯಾರಾದರೂ "ಅಕ್ಕೋರಿಗೆ ನೀರು ತೋರಸ್ರಿ" ಎನ್ನುತ್ತಾರೆ, ಅಷ್ಟೇ.

ಗಿಲಾವು ಪೂರ್ತಿ ಕಿತ್ತು, ಗೋಡೆಯನ್ನು ಹದಿನೈದು ದಿನ ಬಿಸಿಲಿಗೆ ಬಿಟ್ಟು, ಮತ್ತೆ ಕೆಲಸ ಹಿಡಿದ ದಿನ ನಾನು ಎಂಟಕ್ಕೇ ಹೋದೆ. ಕಾಕಾ ಸುಣ್ಣದ ಬ್ರಷ್ಷನ್ನು ನೀರಿಗೆ ಅದ್ದಿ, ಕೊಡವಿ, ಗೋಡೆಯ ಮೈಗೆ ಒಂದೇ ಸಲ ಸವರಿ ಮುಂದಕ್ಕೆ ಸರಿಯುತ್ತಿದ್ದರು. ಇಷ್ಟೇ ಇಷ್ಟು. ಮಾಲು ಮೆತ್ತತೊಡಗಿದ ಮೇಲೆ ಧೈರ್ಯ ಮಾಡಿ ಕೇಳಿದೆ.

"ಕಾಕಾ, ಬ್ಲಾಕು ಕೆತ್ತಿದಾಗ ನಿಮಗ ಗೊತ್ತಾಗಿತ್ತು, ಹೌದಿಲ್ಲೋ?"

"ಹೂನ್ರಿ."

"ಮತ್ತ ಭಾವನೋರ ಮುಂದ ತಪ್ಪು ನಂದು ಅಂತ ಯಾಕಂದ್ರಿ?"

ಅವರು ಕೈ ನಿಲ್ಲಿಸದೆ ಹೇಳಿದರು. "ಮನಿ ನಿಮ್ಮದು ಅಕ್ಕೋರ. ದಿನಾ ಈ ಗ್ವಾಡಿ ನೋಡಿಕೋತ ಒಳಗ ಹೋಗಾಕಿ ನೀವು. ಹೋದಾಗೊಮ್ಮಿ ನಾನ ಕೆಡಿಸಿದ್ನೆಲ್ಲ ಅಂತ ನಿಮಗ ಅನಸಬಾರದು. ನಂದೇನು, ನಾ ಮುಂದಿನ ಮನಿಗೆ ಹೊಂಟು ಹೋಗಾಂವ."

ಆ ಮುಂದಿನ ಮನೆಯೇ ಕೈಬಿಟ್ಟು ಹೋಗುವುದರಲ್ಲಿತ್ತು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ, ಅಲ್ಲೇ ನಿಂತು ಮಕ್ಕಳ ಹಾಗೆ ಅತ್ತೆ. ಕಾಕಾ ಕರಣೆ ಹಿಡಿದ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕಾದರು. ಆಮೇಲೆ ಮೆಲ್ಲಗೆ, "ಒಂದೀಟು ಆ ಕಡೆ ಸರೀರಿ ಅಕ್ಕೋರ, ಮಾಲು ಆರಾಕತ್ತೇತಿ" ಎಂದರು.