ಗಡಿಯಾರದ ಸ್ಯಾಂಡಿಯ ಫೈಲು

ಮಾರ್ಸೆಲ್ಲಾ ಮ್ಯಾಕ್‌ಈಕರ್ನ್ ತನ್ನ ಅರವತ್ತೊಂದು ವರ್ಷದಲ್ಲಿ ಒಂದು ಕಡೆ ಸುಮ್ಮನೆ ಕೂತದ್ದನ್ನು ಕಂಡವರು ಇನ್ವರ್ನೆಸ್ ಸೀಮೆಯಲ್ಲೇ ಇಲ್ಲ. ಚರ್ಚಿನಲ್ಲಿ ಮಂಡಿಯೂರಿದಾಗಲೂ ಮುಂದಿನ ಬೆಂಚಿನ ಧೂಳು ಒರೆಸುವವಳು. ಅಂಥವಳಿಗೆ ಹ್ಯಾಲಿಫ್ಯಾಕ್ಸಿನ ಕಣ್ಣಿನ ಡಾಕ್ಟರು ಕೊಟ್ಟ ಶಿಕ್ಷೆ ಕೇಳಿ: ಏಳು ದಿನ ಬೋರಲು ಮಲಗಬೇಕು. ಉಣ್ಣುವಾಗಲೂ ಮುಖ ನೆಲಕ್ಕೆ, ನಡೆಯುವಾಗಲೂ ಮುಖ ನೆಲಕ್ಕೆ. ಬಲಗಣ್ಣಿನ ಒಳಪರದೆ ಹಳೇ ಗೋಡೆಯ ಸುಣ್ಣದ ಹಾಗೆ ಕಳಚಿಕೊಂಡಿತ್ತು. ಅದನ್ನು ಅಂಟಿಸಿ, ಕಣ್ಣೊಳಗೆ ಗಾಳಿಯ ಗುಳ್ಳೆಯೊಂದನ್ನು ಬಿಟ್ಟಿದ್ದರು. ತಲೆ ಬಗ್ಗಿಸಿಕೊಂಡೇ ಇದ್ದರೆ ಆ ಗುಳ್ಳೆ ಮೇಲೇರಿ ಪರದೆಯನ್ನು ಒತ್ತಿ ಹಿಡಿಯುತ್ತದೆ. ತಲೆ ಎತ್ತಿದರೆ ದೇವರೇ ಗತಿ. ಎಡಗಣ್ಣಂತೂ ಹುಟ್ಟಿದಾಗಿನಿಂದ ಹೆಸರಿಗಷ್ಟೇ ಕಣ್ಣು. "ಇರೋದು ಇದೊಂದೇ, ನೆನಪಿರಲಿ" ಎಂದು ಡಾಕ್ಟರು ಎರಡು ಸಲ ಹೇಳಿ ಕಳಿಸಿದ್ದರು.

ಮೂರನೇ ದಿನಕ್ಕೇ ಅವಳಿಗೆ ತಲೆ ಚಿಟ್ಟುಹಿಡಿದಿತ್ತು. ಮಂಚದ ತುದಿಯಾಚೆ ಮುಖ ಚಾಚಿ, ನೆಲದ ಹಲಗೆಗಳನ್ನು ಎಣಿಸಿ, ಮತ್ತೆ ಎಣಿಸಿ, ಕಾಲು ಒದರಿ, ಜಪಮಾಲೆ ಹಿಡಿದು ಅರ್ಧಕ್ಕೇ ಬಿಟ್ಟು, "ಬರ್ನಡೆಟ್, ಆಫೀಸಿಂದ ಫೋನ್ ಬಂತೇನೇ?" ಎಂದು ಬೆಳಗಿನಿಂದ ಆರನೇ ಸಲ ಕೇಳಿದಳು.

"ಬಂದಿಲ್ಲ ಕಣೇ. ನೀನಿಲ್ದೆ ಆಫೀಸೇನು ಸಮುದ್ರಕ್ಕೆ ಬಿದ್ದಿಲ್ಲ" ಎಂದಳು ಅಡುಗೆಮನೆಯಿಂದ ತಂಗಿ.

"ಅದೇ ಚಿಂತೆ ನಂಗೆ."

ರ‍್ಯಾಂಕಿನ್ ಬಾವಿ ಕಂಪನಿ ಎಂದರೆ ಕೊಳವೆಬಾವಿ ಕೊರೆಯುವ, ಪಂಪು ಇಳಿಸುವ ಐದಾರು ಜನರ ಸಣ್ಣ ಸಂಸಾರ. ಯಾರದೋ ಹೆರಿಗೆ ರಜೆಗೆ ಬದಲಿಯಾಗಿ ಎರಡು ವಾರಕ್ಕೆಂದು ಬಂದವಳು ಮಾರ್ಸೆಲ್ಲಾ. ಆ ಎರಡು ವಾರ ಮೂವತ್ತೆಂಟು ವರ್ಷವಾಯಿತು. ಬಂದ ಮೊದಲ ದಿನವೇ ಫೈಲುಗಳ ಗೊಂದಲ ನೋಡಿ ಬೆಚ್ಚಿಬಿದ್ದಿದ್ದಳು. ಇರುವುದು ನಾಲ್ಕೈದು ಮನೆತನ, ಇಡುವುದು ಅದೇ ಏಳೆಂಟು ಹೆಸರು. ಅಲೆಗ್ಸಾಂಡರ್ ಮ್ಯಾಕ್‌ಲೆಲನ್ ಅಂತಲೇ ಹನ್ನೊಂದು ಜನ, ಕರೆಯುವುದು ಎಲ್ಲರನ್ನೂ ಸ್ಯಾಂಡಿ ಎಂದೇ! ಊರಿನವರು ಅವರನ್ನು ಬೇರೆ ಮಾಡುವುದು ಅಡ್ಡಹೆಸರಿನಿಂದ: ಮೂಗಿನ ಸ್ಯಾಂಡಿ, ಬೆಣ್ಣೆ ಸ್ಯಾಂಡಿ, ಎಲ್ಲರ ಗಡಿಯಾರಕ್ಕೂ ಕೈ ಹಾಕುತ್ತಿದ್ದ ಗಡಿಯಾರದ ಸ್ಯಾಂಡಿ. ಮಾರ್ಸೆಲ್ಲಾ ಫೈಲುಗಳನ್ನೂ ಹಾಗೇ ಜೋಡಿಸಿದಳು. ಬಾವಿ ಯಾರ ಕಾಲದಲ್ಲಿ ತೋಡಿದ್ದೋ ಅವರ ಅಡ್ಡಹೆಸರಿನಲ್ಲಿ. ಆಮೇಲೆ ಜಮೀನು ಮೂರು ಕೈ ಬದಲಾದರೂ ಫೈಲು ಕದಲುವಂತಿಲ್ಲ. ಅಡ್ಡಹೆಸರನ್ನು ಫೈಲಿನ ಮೇಲೆ ಬರೆಯುವುದೂ ಇಲ್ಲ; ಸತ್ತವರ ಮಕ್ಕಳು ಆಫೀಸಿಗೆ ಬಂದಾಗ ಕಂಡರೆ ಬೇಜಾರು ಮಾಡಿಕೊಳ್ಳುವುದಿಲ್ಲವೇ? ಹಾಗಾಗಿ ಸಾವಿರಾರು ಬಾವಿಗಳ ಬೀಗದಕೈ ಇದ್ದದ್ದು ಅವಳ ತಲೆಯೊಳಗೆ ಮಾತ್ರ.

ಮಾಲೀಕ ಹ್ಯೂಯಿ ರ‍್ಯಾಂಕಿನ್‌ನ ಸೊಸೆ ಕರ್ಸ್ಟನ್, ದೂರದ ಬಯಲುಸೀಮೆಯ ಸಸ್ಕಾಚೆವಾನ್ ಕಡೆಯವಳು, ಬಂದ ವರ್ಷವೇ ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕೋಣವೆಂದಿದ್ದಳು. ಕೆಲಸದವರು ಬಾವಿಕಟ್ಟೆಯಲ್ಲಿ ನಿಂತೇ ಫೋನಿನಲ್ಲಿ ನೋಡಬಹುದು, ಬೆಂಕಿ ಬಿದ್ದರೂ ಏನೂ ಹೋಗುವುದಿಲ್ಲ ಎಂದೆಲ್ಲ ತಿಳಿಸಿ ಹೇಳಿದ್ದಳು. "ನನ್ನನ್ನ ಕೇಳಿದ್ರೆ ಅದಕ್ಕಿಂತ ಬೇಗ ಹೇಳ್ತೀನಿ" ಎಂದು ಮಾರ್ಸೆಲ್ಲಾ ಬೀರುವಿನ ಎದುರು ಬಾಗಿಲು ಕಾಯುವವಳ ಹಾಗೆ ನಿಂತಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ಹೆದರಿಕೆ. ಮದುವೆಯಿಲ್ಲ, ಮಕ್ಕಳಿಲ್ಲ, ಜನ ದಿನಕ್ಕೆ ಹತ್ತು ಸಲ ತನ್ನ ಹೆಸರು ಹಿಡಿದು ಕೂಗುವುದು ಆ ಬೀರುಗಳ ದೆಸೆಯಿಂದಲೇ. ಹ್ಯೂಯಿಗೋ ಜಗಳ ಬೇಡ. ಮಾತು ಅಲ್ಲಿಗೇ ನಿಂತುಹೋಯಿತು.

ಹನ್ನೊಂದು ಗಂಟೆಗೆ ಫೋನು ಬಂದೇಬಂತು. ಬರ್ನಡೆಟ್ ಅದನ್ನು ಮಂಚದ ಕೆಳಗೆ, ಅಕ್ಕನ ಮೂಗಿನಡಿ ಇಟ್ಟಳು.

"ಮಾರ್ಸೆಲ್ಲಾ, ಹ್ಯೂಯಿ ಕಣೇ. ಮಲಗಿದ್ದೀಯಾ?"

"ಇಲ್ಲ, ಕುಣೀತಿದ್ದೀನಿ. ವಿಷಯ ಹೇಳು."

ಗುಡ್ಡದ ಮೇಲಿನ ವೃದ್ಧಾಶ್ರಮದ ಬಾವಿ ಬೆಳಗಿನ ಜಾವ ಕುಸಿದು ಪಂಪು ಒಳಗೇ ಹೂತುಹೋಗಿತ್ತು. ಮೂವತ್ತೊಂದು ಜನ ಮುದುಕರು. ಕುಡಿಯಲು ನೀರಿಲ್ಲ, ಶೌಚಕ್ಕೆ ನೀರಿಲ್ಲ, ಕೋಣೆ ಬಿಸಿ ಮಾಡುವ ಬಾಯ್ಲರಿಗೂ ನೀರಿಲ್ಲ. ಹೊರಗೆ ಫೆಬ್ರವರಿಯ ಚಳಿ, ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಸಂಜೆಯೊಳಗೆ ನೀರು ಬಾರದಿದ್ದರೆ ಹಾಸಿಗೆ ಹಿಡಿದವರನ್ನೂ ಬಸ್ಸಿಗೆ ಹೇರಿ ಎರಡು ಗಂಟೆ ದಾರಿಯ ಸಿಡ್ನಿ ಪಟ್ಟಣಕ್ಕೆ ಸಾಗಿಸಬೇಕು.

"ಅಪ್ಪ ಅಲ್ಲಿ ಇನ್ನೊಂದು ಬಾವಿ ತೋಡಿ ಮುಚ್ಚಳ ಹಾಕಿ ಮಣ್ಣು ಮುಚ್ಚಿದ್ದ, ನಂಗೆ ಚೆನ್ನಾಗಿ ನೆನಪಿದೆ. ಎಲ್ಲಿ ಅನ್ನೋದೇ ನೆನಪಿಲ್ಲ. ಸರ್ಕಾರದ ದಾಖಲೆಯಲ್ಲಿ ಆಳ ಇದೆ, ಜಾಗ ಇಲ್ಲ. ನಾಲ್ಕಡಿ ಹಿಮ, ಕೆಳಗೆ ಕಲ್ಲಿನಂಥ ನೆಲ. ಎಲ್ಲಂತ ಅಗೀಲಿ? ಅಪ್ಪನ ಕೈಯ ನಕ್ಷೆ ಬೇಕು."

"ಅದು ಮುಂಚೆ ಗಡಿಯಾರದ ಸ್ಯಾಂಡಿ ಜಮೀನು. ಎರಡನೇ ಬೀರು, ನಾಲ್ಕನೇ ಡ್ರಾಯರು, ಹಿಂದಿನಿಂದ ಆರನೇದು."

ಆಚೆ ಆಫೀಸಿನಲ್ಲಿ ಡ್ರಾಯರು ಎಳೆದ ಸದ್ದು. ಕರ್ಸ್ಟನ್‌ಳ ಉಸಿರು. ಕಾಗದದ ಸರಸರ. "ಇಲ್ಲಿ ಇಲ್ಲ, ಮಾರ್ಸೆಲ್ಲಾ. ಅಕ್ಕಪಕ್ಕದ್ದನ್ನೂ ನೋಡ್ದೆ."

ಅಲ್ಲಿರಲಾರದು ಎಂದು ಒಳಗೊಳಗೇ ಮಾರ್ಸೆಲ್ಲಾಗೆ ಗೊತ್ತಿತ್ತು. ಆಪರೇಷನ್ನಿಗೆ ಮುಂಚೆ ಒಂಬತ್ತು ದಿನ, ಕಣ್ಣಿಗೆ ಕೆಳಗಿನಿಂದ ಕಪ್ಪು ಪರದೆ ಏರುತ್ತಿದ್ದಾಗ, ಅವಳು ಯಾರಿಗೂ ಬಾಯಿಬಿಟ್ಟಿರಲಿಲ್ಲ. ಕನ್ನಡಕ ಒರೆಸುತ್ತಾ, "ಬೆಳಕು ಸಾಲದು" ಎಂದು ಬಲ್ಬಿಗೆ ಬೈಯುತ್ತಾ, ಕೈಯಂದಾಜಿನಲ್ಲೇ ಫೈಲು ತೆಗೆದಳು, ಇಟ್ಟಳು. ವೃದ್ಧಾಶ್ರಮದವರು ಹೊಸ ಪಂಪಿನ ವಿಚಾರ ಕೇಳಿದ್ದೂ ಆ ವಾರವೇ. ಆ ಫೈಲನ್ನು ತೆಗೆದದ್ದು ನೆನಪಿತ್ತು. ತಿರುಗಿ ಎಲ್ಲಿ ಇಟ್ಟಳೋ ದೇವರಿಗೇ ಗೊತ್ತು.

"ಇನ್ನೊಂದ್ಸಲ ನೋಡಿ" ಎಂದಳು.

ಹನ್ನೆರಡು ಹೊಡೆಯಿತು. ಮುಖ ಕೆಳಗಿಟ್ಟು ಕಾಯುವುದೆಂದರೆ ಏನೆಂದು ಕಾದವರಿಗೇ ಗೊತ್ತು. ಮೂಗಿನಿಂದ ನೀರು ಇಳಿಯಿತು, ಕತ್ತು ಸೆಳೆಯಿತು, ಕೈ ನೆಲದ ಮೇಲೆ ಅತ್ತಿತ್ತ ಓಡಾಡಿ ಇಲ್ಲದ ಫೈಲುಗಳನ್ನು ಸರಿಸಿತು. ಬರ್ನಡೆಟ್ ತಂದಿಟ್ಟ ಮೀನಿನ ಸೂಪು ಹೆಪ್ಪುಗಟ್ಟಿತು. ಅರ್ಧ ಗಂಟೆಗೊಮ್ಮೆ ಫೋನು, ಅದೇ ಉತ್ತರ. ಒಂದು ಗಂಟೆಗೆ ಕರ್ಸ್ಟನ್ ಹೇಳಿದಳು: "ಮಾವ ಆಗಲೇ ಎರಡು ಕಡೆ ಅಗೆಸಿದ್ರು. ಬರೀ ಬಂಡೆ. ಬಸ್ಸಿಗೆ ಹೇಳಿಬಿಟ್ಟಿದ್ದಾರೆ. ಒಬ್ಬ ಅಜ್ಜಿ ಎಲ್ಲಿಗೂ ಬರಲ್ಲ ಅಂತ ಮಂಚದ ಕಂಬಿ ಹಿಡ್ಕೊಂಡು ಅಳ್ತಿದ್ದಾರಂತೆ."

ಮಾರ್ಸೆಲ್ಲಾ ಮಂಚದಿಂದ ಕಾಲಿಳಿಸಿದಳು.

"ಎಲ್ಲಿಗೇ?" ಬರ್ನಡೆಟ್ ಬಾಗಿಲಿಗೆ ಅಡ್ಡ ನಿಂತಳು. "ಹುಚ್ಚು ಹಿಡೀತಾ ನಿಂಗೆ? ಆ ರಸ್ತೆ ಗುಂಡಿ, ಕಾರಿನ ಕುಲುಕಾಟ! ಕಣ್ಣು ಹೋದ್ರೆ ಹ್ಯೂಯಿ ತಂದುಕೊಡ್ತಾನಾ?"

"ಕಾಣದೆ ಇಟ್ಟಿದ್ದೀನಿ ಕಣೇ, ಕೈಯಂದಾಜಲ್ಲಿ. ನನ್ನ ಕೈಯೇ ಹುಡುಕಬೇಕು. ಬೇರೆಯವರು ಹುಡುಕಿದ್ರೆ ನಾಳೆ ಆಗುತ್ತೆ."

"ಕಾಣದೆ ಅಂದ್ರೆ? ಎಷ್ಟು ದಿನದಿಂದ ಕಾಣ್ತಿರಲಿಲ್ಲ ನಿಂಗೆ?"

ಮಾರ್ಸೆಲ್ಲಾ ನೆಲ ನೋಡುತ್ತಲೇ ಹೇಳಿದಳು: "ಒಂಬತ್ತು."

ಬರ್ನಡೆಟ್ ಅತ್ತಳು, ಬೈದಳು, ಹಾಳಾಗಿ ಹೋಗು ಎಂದಳು, ಕೊನೆಗೆ ತಾನೇ ಕಾರಿನ ಕೀಲಿ ತಂದಳು. ಹಿಂದಿನ ಸೀಟಿನಲ್ಲಿ ದಿಂಬುಗಳ ಮೇಲೆ ಅಕ್ಕನನ್ನು ಬೋರಲು ಮಲಗಿಸಿ, ಎರಡೂ ಕಡೆ ಕಂಬಳಿ ತುರುಕಿ, ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ತೆಗೆದುಕೊಂಡಳು. ಆದರೂ ಹಿಮ ತಳ್ಳುವ ಲಾರಿ ಎದುರಾದಾಗ ಕಾರು ಒಮ್ಮೆ ಜೋರಾಗಿ ಕುಕ್ಕಿತು. ಕಣ್ಣೊಳಗೆ ಮಿಂಚು ಮಿಂಚಿದ್ದನ್ನು ಮಾರ್ಸೆಲ್ಲಾ ತಂಗಿಗೆ ಹೇಳಲಿಲ್ಲ.

ಆಫೀಸಿನಲ್ಲಿ ಕರ್ಸ್ಟನ್ ಎಲ್ಲ ಬೀರುಗಳನ್ನೂ ಬಾಯಿ ತೆರೆಸಿ, ನಡುವೆ ಕೂದಲು ಕೆದರಿಕೊಂಡು ನಿಂತಿದ್ದಳು. "ಅಯ್ಯೋ, ನೀವ್ಯಾಕೆ ಬಂದ್ರಿ!"

"ಎಲ್ಲಾ ಮುಚ್ಚು. ಅವತ್ತು ಹೇಗಿತ್ತೋ ಹಾಗೇ ಇರಲಿ." ಮಾರ್ಸೆಲ್ಲಾ ತನ್ನ ಮೇಜಿನ ಹತ್ತಿರ ಹೋಗಿ, ತಲೆ ಬಗ್ಗಿಸಿಕೊಂಡೇ ನಿಂತಳು. ಅಲ್ಲಿಂದ ಮೂರು ಹೆಜ್ಜೆ. ಎಡಗೈ ಬೀರುವಿನ ಅಂಚಿಗೆ. ಬಲಗೈ ಹಿಡಿಗಳ ಮೇಲೆ ಜಾರಿತು: ಒಂದು, ಎರಡು, ಮೂರು, ನಾಲ್ಕು. ಕೈ ತಾನಾಗಿ ನಿಂತಲ್ಲಿ ಎಳೆದಳು. ಬೆರಳು ಹಿಂದಿನಿಂದ ಎಣಿಸುತ್ತಾ ಬಂದು ಒಂದು ದಪ್ಪ ಒರಟು ರಟ್ಟನ್ನು ಮುಟ್ಟಿತು. ಹ್ಯೂಯಿಯ ಅಪ್ಪನ ಕಾಲದ ರಟ್ಟು.

ಬೀರು ಮಾತ್ರ ಎರಡನೆಯದಲ್ಲ, ಮೂರನೆಯದು. ಕಪ್ಪು ಪರದೆ ಏರಿದ ಕಣ್ಣಿಗೆ ಎರಡೂ ಒಂದೇ ಆಗಿದ್ದವು.

ಕರ್ಸ್ಟನ್ ಫೈಲು ಬಿಚ್ಚಿದಳು. ಪೆನ್ಸಿಲಿನ ನಕ್ಷೆ: ಕೊಟ್ಟಿಗೆಯ ಈಶಾನ್ಯ ಮೂಲೆಯಿಂದ ನಲವತ್ತೊಂದು ಅಡಿ, ಹಳೇ ಸೇಬಿನ ಮರದಿಂದ ಹದಿನಾರು. ಫೋನು ಹಿಡಿದು ಒಂದು ಫೋಟೋ ತೆಗೆದು ಹ್ಯೂಯಿಗೆ ಕಳಿಸಿದಳು. ಅಷ್ಟೇ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯಿತು. ಗುಡ್ಡದ ಮೇಲಿದ್ದ ಹ್ಯೂಯಿ ಕೂಡಲೇ ಫೋನು ಮಾಡಿ, "ಸಿಕ್ತು! ಕೊಟ್ಟಿಗೆ ಅಡಿಪಾಯ ಇನ್ನೂ ಇದೆ!" ಎಂದು ಕೂಗಿಕೊಂಡ.

"ಹ್ಯೂಯಿ," ಎಂದಳು ಮಾರ್ಸೆಲ್ಲಾ, "ತಪ್ಪು ನಂದು. ಒಂಬತ್ತು ದಿನ ನಂಗೆ ಕಾಣ್ತಿರಲಿಲ್ಲ. ಮುಚ್ಚಿಟ್ಟೆ. ಇನ್ನೂ ಎಷ್ಟು ಫೈಲು ತಪ್ಪು ಜಾಗದಲ್ಲಿ ಇದಾವೋ ಗೊತ್ತಿಲ್ಲ."

"ಮನೆಗೆ ಹೋಗಿ ಮಲಕ್ಕೊಳೇ, ಮಾರಾಯ್ತಿ" ಎಂದ ಹ್ಯೂಯಿ.

ಐದು ಗಂಟೆಗೆ ವೃದ್ಧಾಶ್ರಮದ ನಲ್ಲಿಗಳಲ್ಲಿ ನೀರು ಬಂತು. ಬಸ್ಸು ಖಾಲಿಯಾಗಿಯೇ ವಾಪಸಾಯಿತು. ಮಾರ್ಸೆಲ್ಲಾ ಉಳಿದ ನಾಲ್ಕು ದಿನ ಒಂದಿಂಚೂ ಕದಲದೆ ಮಲಗಿದಳು, ಈಗಲಾದರೂ ಲೆಕ್ಕ ಸರಿಹೋಗಲಿ ಎಂಬಂತೆ. ಎಂಟನೇ ದಿನ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಪರದೆ ಮತ್ತೆ ಕಳಚಿತ್ತು. ಅವಳು ಎದ್ದು ಹೋದದ್ದಕ್ಕೋ, ಕಾರು ಕುಕ್ಕಿದ್ದಕ್ಕೋ, ಒಂಬತ್ತು ದಿನ ಮುಚ್ಚಿಟ್ಟದ್ದಕ್ಕೋ ಅವರಿಗೂ ಹೇಳಲಾಗಲಿಲ್ಲ. ಇನ್ನೊಂದು ಆಪರೇಷನ್ ಆಯಿತು. ಉಳಿದದ್ದು ಕಿಟಕಿ ಎಲ್ಲಿದೆ ಎಂದು ತಿಳಿಯುವಷ್ಟು ಬೆಳಕು.

ವಾರದ ಮೇಲೆ ಕರ್ಸ್ಟನ್‌ಗೆ ಫೋನು ಮಾಡಿದವಳು ಮಾರ್ಸೆಲ್ಲಾಳೇ. "ಹುಡುಗೀ, ನಿನ್ನ ಆ ಸ್ಕ್ಯಾನರ್ ಹೊತ್ಕೊಂಡು ಬಾ. ಫೈಲಿನ ಪೆಟ್ಟಿಗೆಗಳನ್ನೂ ತಾ. ತಲೆಯಲ್ಲಿ ಇರೋದು ಇರೋವಾಗಲೇ ಬರ್ಕೋ. ಕಣ್ಣಿನ ಹಾಗೆ ಅದೂ ಕೈಕೊಟ್ರೆ?"

ಅಡುಗೆಮನೆಯ ಮೇಜಿನ ಮೇಲೆ ಯಂತ್ರ ಕೂತಿತು. ಕರ್ಸ್ಟನ್ ಓದುವಳು: "ಅಲೆಗ್ಸಾಂಡರ್ ಮ್ಯಾಕ್‌ಲೆಲನ್, ನೂರಾ ಎಂಬತ್ತು ಅಡಿ." ಮಾರ್ಸೆಲ್ಲಾ ಹೇಳುವಳು: "ಬೆಣ್ಣೆ ಸ್ಯಾಂಡಿ. ಈಗ ಅಲ್ಲಿರೋದು ಆಂಟಾರಿಯೋದವರು, ನೀಲಿ ಬಾಗಿಲು. ಎರಡು ಹೆಸರೂ ಹಾಕು, ಅಡ್ಡಹೆಸರು ಮಾತ್ರ ನಮ್ಮವರಿಗಷ್ಟೇ ಕಾಣಲಿ." ಓದಿದ ಹಾಳೆ ಯಂತ್ರದೊಳಗೆ ಸರ್ರನೆ ಹೋಗುವಾಗ ಪ್ರತಿ ಸಲವೂ ಅವಳು ಆ ಸದ್ದು ನಿಲ್ಲುವವರೆಗೂ ಕಿವಿಗೊಡುತ್ತಿದ್ದಳು. ಒಮ್ಮೆ ಹೇಳಿಬಿಟ್ಟ ಹೆಸರನ್ನು ಕೇಳಲು ಇನ್ನು ಯಾರೂ ತನ್ನನ್ನು ಕೂಗುವುದಿಲ್ಲ. ಆದರೂ "ಮುಂದಿನದು" ಎನ್ನುವಳು. ಮಾರ್ಚ್ ಪೂರ್ತಿ, ಏಪ್ರಿಲ್ ಪೂರ್ತಿ, ಇಬ್ಬರೂ ಹಾಗೇ ಕೂತರು. ಕೆಲವು ಹೆಸರಿಗೆ ನಕ್ಕರು. ಒಂದೆರಡಕ್ಕೆ ಮಾರ್ಸೆಲ್ಲಾ ರಟ್ಟನ್ನು ಬೆರಳಿನಿಂದ ಸವರಿ ನೋಡಿ, "ಇದು ಯಾರೋ ಹೊಳೀತಿಲ್ಲ" ಎಂದು ಮೆಲ್ಲಗೆ ಒಪ್ಪಿಕೊಂಡಳು.

ಮೇ ತಿಂಗಳ ಒಂದು ಬೆಳಿಗ್ಗೆ ಹ್ಯೂಯಿ ಚಹಾಕ್ಕೆ ಬಂದು ಕೂತಿದ್ದಾಗ ಅವನಿಗೆ ಫೋನು ಬಂತು. ಸೇತುವೆ ಮೇರಿಯ ಮನೆಯ ಪಂಪು ನಿಂತಿದೆ, ಹಗ್ಗ ಎಷ್ಟುದ್ದ ತರಬೇಕು ಎಂದು ಕೆಲಸದವನು ಕೇಳುತ್ತಿದ್ದ. ಮಾರ್ಸೆಲ್ಲಾ ಬಾಯಿ ತೆರೆದಳು. ಅಷ್ಟರಲ್ಲಿ ಹ್ಯೂಯಿ ತನ್ನ ಫೋನಿನಲ್ಲಿ ಏನೋ ಒತ್ತಿ, "ಇನ್ನೂರ ಹತ್ತು ಅಡಿ, ಎಡಗಡೆ ಬೇಲಿ ಪಕ್ಕ" ಎಂದು ಹೇಳಿ ಮುಗಿಸಿದ್ದ. ಸರಿಯಾಗಿಯೇ ಇತ್ತು. ಅವಳು ಕಿಟಕಿಯ ಬೆಳಕಿನ ಕಡೆ ಮುಖ ತಿರುಗಿಸಿದಳು.

"ಎಷ್ಟು ಹೊತ್ತು ಹಿಡೀತು ನಿಂಗೆ, ಹ್ಯೂಯಿ?"

"ಏನು, ಹುಡುಕೋಕಾ? ಎರಡು ಸೆಕೆಂಡು."

"ಇದು ಫೆಬ್ರವರಿಯಲ್ಲೇ ಇದ್ದಿದ್ರೆ," ಎಂದಳು ಮಾರ್ಸೆಲ್ಲಾ, "ನಾನು ಮಲಗೇ ಇರ್ತಿದ್ದೆ."