ಕ್ಲಚ್ ಇಲ್ಲದ ಕಾರು

ನನ್ನ ಹೆಂಡತಿ ಸೋಲಲಿ ಎಂದೇ ನಾನು ಆ ಕಾರನ್ನು ಆರಿಸಿದೆ. ಅವಳಿಗೆ ಒಪ್ಪುವ ಇನ್ನೊಂದು ಕಾರು ಸಿಕ್ಕಿತ್ತು. ಅದರಲ್ಲಿ ಕೂತು ಸುತ್ತಿ ಬಂದೆ, ಚೆನ್ನಾಗಿದೆ ಎಂದು ಕಣ್ಣಾರೆ ಕಂಡೆ — ಕಂಡೂ, ಅದು ಕೆಟ್ಟಿದೆ ಎಂದು ಮನೆಗೆ ಬಂದು ಸುಳ್ಳು ಹೇಳಿದೆ. ಗಿರಿಜೆಯ ಡ್ರೈವಿಂಗ್ ಬಗ್ಗೆ ನಾನು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಕೇಳದವರು ಅಜ್ಜಂಪುರದಲ್ಲಿ ಕಡಿಮೆ. ಆ ಹೆಮ್ಮೆ ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ ಇದನ್ನು ಬಚ್ಚಿಟ್ಟಿದ್ದೆ.

ಅಜ್ಜಂಪುರದಲ್ಲಿ ನಮ್ಮದು ಹಿಟ್ಟಿನ ಗಿರಣಿ. ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡುವಾಗ ಚಿನ್ನಿ ಬಡಿದು ನನ್ನ ಬಲಗಣ್ಣು ಹೋಯಿತು. ಹೀಗಾಗಿ ಡಾಕ್ಟರು ಲೈಸೆನ್ಸಿನ ಸರ್ಟಿಫಿಕೇಟಿಗೆ ಸಹಿ ಹಾಕಲಿಲ್ಲ. ಗಿರಿಜೆಯ ಕಷ್ಟ ಬೇರೆ. ಮದುವೆಯಾದ ಹೊಸದರಲ್ಲಿ ಗಿರಣಿಯ ಕಲ್ಲು ಬದಲಿಸುವಾಗ ಕೈಹಚ್ಚಲು ಬಂದಳು; ಕಲ್ಲು ನನ್ನ ಹಿಡಿತದಿಂದ ಜಾರಿ ಅವಳ ಎಡಗಾಲಿನ ಹರಡಿನ ಮೇಲೆ, ಪಾದ ಸೇರುವ ಕೀಲಿಗೇ ಬಿತ್ತು. ಮೂಳೆ ಕೂಡಿತು, ಆದರೆ ಹರಡು ಮತ್ತೆ ಸರಿಯಾಗಿ ಮಡಚಲಿಲ್ಲ. ಅಂದಿನಿಂದ ಅವಳದು ಒಂದಿಷ್ಟು ಎಳೆದು ಹಾಕುವ ನಡಿಗೆ.

ಮಗಳು ಉಮಾಗೆ ಉಬ್ಬಸ. ಬಸ್ಸಿಲ್ಲದ ಹೊತ್ತಿನಲ್ಲಿ ಬಂದರೆ ತರೀಕೆರೆಯ ಡಾಕ್ಟರ ಹತ್ತಿರ ಹೋಗಲು ದಾರಿಯಲ್ಲಿ ನಿಂತು ಲಾರಿಗಳಿಗೆ ಕೈ ಅಡ್ಡ ಹಿಡಿಯಬೇಕು. ಹಾಗೊಮ್ಮೆ ಲಾರಿಯಲ್ಲಿ ಹೋಗಿ ಬಂದ ಮಾರನೆಯ ದಿನ, ರೊಟ್ಟಿ ತಟ್ಟುತ್ತಾ ಗಿರಿಜೆ ಹೇಳಿದಳು:

"ಒಂದು ಹಳೇ ಕಾರು ತಗೊಳ್ಳೋಣ ಕಣ್ರೀ. ನಿಮ್ಗಂತೂ ಲೈಸೆನ್ಸ್ ಕೊಡಲ್ಲ. ನಾನೇ ಕಲೀತೀನಿ."

"ಡ್ರೈವರ್ ಇಟ್ಕೊಂಡ್ರೆ ಆಯ್ತು ಬಿಡು," ಎಂದೆ.

"ಡ್ರೈವರ್ ಅವನ ಊರಿಗೆ ಹೋಗಿದ್ದಾಗ ಮಗೀಗೆ ಉಸ್ರು ಕಟ್ಟಿದ್ರೆ?"

ನಿನ್ನ ಎಡಗಾಲಿಗೆ ಕ್ಲಚ್ ಒತ್ತಲು ಆಗುತ್ತದೆಯೇ ಎಂದು ಕೇಳಿದೆ. ಅದನ್ನೂ ಅವಳು ಯಾರಲ್ಲೋ ವಿಚಾರಿಸಿದ್ದಳು. "ಕ್ಲಚ್ಚೇ ಇಲ್ದಿರೋ ಫಾರಿನ್ ಕಾರೂ ಇರ್ತಾವಂತೆ. ಗೇರು ತಾನೇ ಬೀಳುತ್ತಂತೆ. ಒಂದೇ ಕಾಲು ಸಾಕಂತೆ. ಎಸ್ಟೇಟ್ ಕಡೆ ಕೇಳ್ನೋಡಿ."

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಊರಿನಲ್ಲಿ ಹೆಂಗಸು ಕಾರು ಓಡಿಸಿದ್ದನ್ನು ಯಾರೂ ಕಂಡಿರಲಿಲ್ಲ. ಹುಡುಕಿದರೂ ಅಂಥ ಕಾರು ಸಿಗುವುದಿಲ್ಲ ಎಂಬ ಧೈರ್ಯದಲ್ಲಿ ನಾನು ಹೊರಟೆ — ಸಿಕ್ಕಿಬಿಟ್ಟಿತು. ಹೆಬ್ಬೆಯ ಕಡೆಗಿನ ಒಂದು ಕಾಫಿ ಎಸ್ಟೇಟಿನಲ್ಲಿ, ಕೆನೆ ಬಣ್ಣದ ಹಳೆಯ ವಿದೇಶಿ ಕಾರು. ಮನೆಯ ಯಜಮಾನಿಯೇ, ಕೂದಲು ಬೆಳ್ಳಗಾದ ಹೆಂಗಸು, ಅದನ್ನು ಓಡಿಸುತ್ತಿದ್ದರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋಟದ ಏರುದಾರಿಯಲ್ಲಿ ಕರೆದೊಯ್ದರು. ಒಂದು ಕಡೆಯೂ ಗಾಡಿ ಜಗ್ಗಲಿಲ್ಲ, ಉಸಿರು ಕಟ್ಟಲಿಲ್ಲ. ಅವರು ಮಾತಾಡುತ್ತಲೇ ಇದ್ದರು.

"ನಿಮ್ಮನೆಯವ್ರಿಗೆ ಎಡಗಾಲು ನೋವು ಅಂದ್ರಲ್ಲ, ಅದನ್ನ ಆರಾಮಾಗಿ ಆ ಕಡೆ ಚಾಚ್ಕೊಂಡು ಕೂರ್ಲಿ. ಬಿಡಿಭಾಗದ ಒಂದು ಪೆಟ್ಟಿಗೆ ಇದೆ, ಅದನ್ನೂ ಕೊಟ್ಬಿಡ್ತೀನಿ. ಹೆಂಗಸಿನ ಕೈಗೇ ಹೋಗುತ್ತೆ ಅಂದ್ರೆ ನಂಗೂ ಸಮಾಧಾನ."

ಆ ಸೀಟಿನಲ್ಲಿ ಕೂತಾಗಲೇ ನನಗೆ ಭಯ ಹತ್ತಿತು. ಭಯ ಎನ್ನಲೇ, ಹೊಟ್ಟೆಕಿಚ್ಚು ಎನ್ನಲೇ — ಗಿರಿಜೆ ಹೀಗೇ ಸಲೀಸಾಗಿ ಓಡಿಸುತ್ತಾಳೆ, ನಾನು ಪಕ್ಕದಲ್ಲಿ ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತೇನೆ, ಊರು ನೋಡುತ್ತದೆ. ಒಕ್ಕಣ್ಣನ ಹೆಂಡತಿ ಎನ್ನುವ ಬದಲು ಕಾರು ಓಡಿಸುವವಳ ಗಂಡ ಎನ್ನುತ್ತದೆ. ಹೇಳಿ ಕಳಿಸುತ್ತೇನೆ ಎಂದು ಅವರಿಗೆ ಕೈಮುಗಿದು ಬಂದೆ. ಮನೆಯ ಬಾಗಿಲಲ್ಲಿ ಕಾಯುತ್ತಿದ್ದ ಗಿರಿಜೆಗೆ ಹೇಳಿದ್ದು ಇಷ್ಟು:

"ಅದು ಆಗಲ್ಲ ಕಣೇ. ಗೇರ್‌ಬಾಕ್ಸೇ ಹೋಗ್ಬಿಟ್ಟಿದೆ. ಗುಜರಿ."

ಬಿಡಿಭಾಗ ಸಿಗುವುದಿಲ್ಲ ಎಂದಿದ್ದರೆ ಅರ್ಧವಾದರೂ ನಿಜವಾಗುತ್ತಿತ್ತೇನೋ. ಅಷ್ಟನ್ನೂ ನಾನು ಉಳಿಸಿಕೊಳ್ಳಲಿಲ್ಲ.

ಆಮೇಲೆ ಕಡೂರಿನಲ್ಲಿ ಒಬ್ಬ ಕೊಬ್ಬರಿ ವ್ಯಾಪಾರಿಯ ಬೂದು ಬಣ್ಣದ ಕಾರು ನೋಡಿದೆ. ಗೇರಿನದು. ಕ್ಲಚ್ಚನ್ನು ನಾನೇ ಒತ್ತಿ ನೋಡಿದೆ — ನನ್ನ ಗಟ್ಟಿ ಕಾಲಿಗೇ ಬಿಗಿ ಎನಿಸಿತು. "ಹೆಂಗಸ್ರ ಕೈಲಿ ಆಗೋ ಗಾಡಿ ಅಲ್ಲ ಬಿಡಿ," ಎಂದ ವ್ಯಾಪಾರಿ. ಆ ಒಂದು ಮಾತಿಗೇ ನಾನು ಅದನ್ನು ಕೊಂಡೆ. ಒಂದೆರಡು ವಾರ ಒದ್ದಾಡಿ ಗಿರಿಜೆ ಕೈಬಿಡುತ್ತಾಳೆ, ಆಮೇಲೆ ಡ್ರೈವರನನ್ನು ಇಟ್ಟುಕೊಳ್ಳೋಣ. ಇದು ನನ್ನ ಲೆಕ್ಕಾಚಾರ.

ಇದರಲ್ಲೇ ಕಲಿಯುತ್ತೇನೆ ಎಂದು ಗಿರಿಜೆ ಹಟ ಹಿಡಿದಳು. ಅವಳಿಗೆ ಕಲಿಸಲು ಒಪ್ಪಿದವನು ರುದ್ರಪ್ಪ, ಬಸ್ಸು ಓಡಿಸಿ ನಿವೃತ್ತನಾದವನು. ಸ್ಟೇಷನ್ನಿನ ಆಚೆಯ ಬಯಲಿನಲ್ಲಿ ಪಾಠ. ಗಾಡಿ ಹಾರಿ ಹಾರಿ ನಿಲ್ಲುತ್ತಿತ್ತು. ಜನ ಸೇರುತ್ತಿದ್ದರು, ನಗುತ್ತಿದ್ದರು. ಗಿರಣಿಯ ಬಾಗಿಲಿನಿಂದ ಅದನ್ನು ನೋಡಿ ನಾನೂ ಒಳಗೊಳಗೇ — ಹೌದು, ಖುಷಿಪಟ್ಟೆ. ಮಗಳ ಉಸಿರಿಗಾಗಿ ಕಲಿಯುತ್ತಿದ್ದವಳು ಸೋಲಲಿ ಎಂದು ಕಾದೆ.

ಅವಳು ಸೋಲಲಿಲ್ಲ. ಹರಡಿಗೆ ಹಳೆಯ ಸೀರೆಯ ಪಟ್ಟಿ ಬಿಗಿದುಕೊಂಡಳು. ಪಾದ ಮಡಚದಿದ್ದರೇನು, ತೊಡೆಯಿಂದಲೇ ಇಡೀ ಕಾಲನ್ನು ಒತ್ತುವುದನ್ನು ಕಲಿತಳು. ಒಂದು ಬೆಳಿಗ್ಗೆ ಗಿರಣಿಯ ಮುಂದೆ ಹಾರ್ನ್ ಕೇಳಿಸಿತು. ಹೊರಗೆ ಬಂದರೆ ಗಿರಿಜೆ ಒಬ್ಬಳೇ, ಹಣೆಯ ತುಂಬ ಬೆವರು.

"ಬರ್ರೀ, ಕೂತ್ಕೊಳ್ಳಿ. ಹಿಂಗೇ ಒಂದು ಸುತ್ತು ಹೋಗ್ಬರಣ."

ಹಿಟ್ಟು ಮೆತ್ತಿದ ಬಟ್ಟೆಯಲ್ಲೇ ಕೂತೆ. ಊರು ನೋಡಿತು. ನಾನು ಹೆದರಿದ್ದ ನಾಚಿಕೆ ಬರಲೇ ಇಲ್ಲ. ಎದೆ ಉಬ್ಬಿ ಬಂತು, ಬೇಡವೆಂದರೂ. ಚಿಕ್ಕಮಗಳೂರಿನಲ್ಲಿ ಪರೀಕ್ಷೆ ಮಾಡಿದ ಇನ್‌ಸ್ಪೆಕ್ಟರು ಏರಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಹೊರಡಿಸಲು ಹೇಳಿದರು. ಗಾಡಿ ಒಂದು ಗೇಣೂ ಹಿಂದೆ ಜಾರಲಿಲ್ಲ. "ಯಾರಮ್ಮ ಕಲಿಸಿದ್ದು?" ಎಂದು ಕೇಳಿದರು. ಅದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ.

ಆ ವರ್ಷವೇ, ರಾಗಿ ಒಕ್ಕಣೆಯ ದೂಳು ಊರೆಲ್ಲ ತುಂಬಿದ್ದ ಒಂದು ಮಧ್ಯಾಹ್ನ, ಉಮಾಳ ತುಟಿ ನೀಲಿಯಾಯಿತು. ಗಿರಿಜೆ ಗಾಡಿ ತೆಗೆದಳು. ನಾನು ಹಿಂದೆ ಮಗುವನ್ನು ಎದೆಗೊರಗಿಸಿಕೊಂಡು ಕೂತೆ. ದಾರಿಯಲ್ಲಿ ಎತ್ತಿನ ಗಾಡಿಗಳು, ತರೀಕೆರೆಯ ಬಸ್ ನಿಲ್ದಾಣದ ಬಳಿ ಸಂತೆಯ ಜನ. ನಿಲ್ಲಿಸು, ಹೊರಡಿಸು, ನಿಲ್ಲಿಸು. ಪ್ರತಿ ಸಲ ಕ್ಲಚ್ ಒತ್ತುವಾಗ ಅವಳ ಬಾಯಿಂದ ಸಣ್ಣದೊಂದು ಸದ್ದು. ಮಗಳ ಏದುಸಿರು ಎದೆಯ ಮೇಲೆ, ಹೆಂಡತಿಯ ಆ ಸದ್ದು ಎದುರಿಗೆ. ಎರಡರ ನಡುವೆ ನಾನು. ಬೇಡವೆಂದು ಬಿಟ್ಟುಬಂದ ಆ ಕೆನೆ ಬಣ್ಣದ ಕಾರು ಕಣ್ಣಿಗೆ ಕಟ್ಟಿತ್ತು.

ಡಾಕ್ಟರು ಸೂಜಿ ಚುಚ್ಚಿದರು, ಮಗು ಉಸಿರಾಡಿತು. ಹೊರಗೆ ಬಂದು ನೋಡಿದರೆ ಗಿರಿಜೆ ಇನ್ನೂ ಸ್ಟೀರಿಂಗ್ ಹಿಡಿದು ಕೂತಿದ್ದಳು. ಪಾದ ಊದಿ ನೆಲಕ್ಕೆ ಊರಲಾಗುತ್ತಿರಲಿಲ್ಲ. "ನನ್ ಕಾಲು ಇರ್ಲಿ, ಮಗು ಹೆಂಗಿದೆ ಹೇಳಿ," ಎಂದಳು. ಅವಳನ್ನು ಎತ್ತಿಕೊಂಡು ಒಳಗೆ ಒಯ್ದೆ. ಅಂದೇ ಹೇಳಬೇಕಿತ್ತು.

ಹೇಳಲಿಲ್ಲ. ಬದಲಿಗೆ ದಿನವೂ ಅವಳ ಪಾದಕ್ಕೆ ಎಣ್ಣೆ ತಿಕ್ಕಿದೆ. ಎಂಥ ಗಂಡ ಎಂದು ಅತ್ತೆಯ ಮನೆಯವರು ಹೊಗಳಿದರು, ಹೊಗಳಿಸಿಕೊಂಡೆ. ಅವಳು ಬಾಣಂತಿಯರನ್ನು ಕರೆತಂದಳು, ಹೆರಿಗೆ ನೋವಿನವರನ್ನು ಕಡೂರಿಗೆ ಮುಟ್ಟಿಸಿದಳು. "ನಮ್ಮನೆಯವ್ಳು ಇದ್ದಾಳೆ, ಹೆದರ್ಬೇಡಿ," ಎಂದು ಜನರಿಗೆ ಭರವಸೆ ಕೊಡುತ್ತಿದ್ದವನು ನಾನೇ. ಒಮ್ಮೆ ತರೀಕೆರೆಯಲ್ಲಿ ಆ ಎಸ್ಟೇಟಿನ ಅಮ್ಮ ಎದುರಾದರು. ಗಿರಿಜೆ ಕುಂಟುತ್ತಾ ಅಂಗಡಿಗೆ ಹೋಗಿದ್ದಳು. "ಆ ಕಾಲಿಟ್ಕೊಂಡು ಈ ಗಾಡಿ ಯಾಕೆ ಓಡಿಸ್ತಾರೆ?" ಎಂದು ಕೇಳಿದರು. "ಅವಳಿಗೆ ಇದೇ ಇಷ್ಟ," ಎಂದೆ. ಅದು ಎರಡನೆಯ ಸುಳ್ಳು.

ಈಗ ಉಮಾ ಕಾಲೇಜಿಗೆ ಹೋಗುತ್ತಾಳೆ. ಕಳೆದ ತಿಂಗಳು ಕಡೂರಿನ ಡಾಕ್ಟರು ಗಿರಿಜೆಯ ಕಾಲಿನ ಎಕ್ಸ್‌ರೇ ನೋಡಿ, ಹರಡಿನ ಮೂಳೆ ಸವೆದುಹೋಗಿದೆ, ಇನ್ನು ಓಡಿಸಕೂಡದು ಎಂದರು. ಮನೆಗೆ ಬಂದ ಮೇಲೆ ಅವಳು ಜಗುಲಿಯಲ್ಲಿ ಮಗಳಿಗೆ ಹೇಳುತ್ತಿದ್ದಳು: "ನಿಮ್ಮಪ್ಪಂದೇನೂ ತಪ್ಪಿಲ್ಲ ಕಣೇ. ಕ್ಲಚ್ ಇಲ್ದಿರೋ ಕಾರಿಗೆ ಪಾಪ ಎಷ್ಟು ಓಡಾಡಿದ್ರು. ನಾನೇ ಹಟ ಮಾಡ್ದೆ, ನಾನೇ ಅನುಭವಿಸ್ತಿದೀನಿ."

ಆ 'ಪಾಪ' ಎಂಬ ಮಾತನ್ನು ನಾನು ನುಂಗಲಾರದೆ ಹೋದೆ. ಹೊರಗೆ ಬಂದು ಅವಳ ಎದುರು ಕೂತೆ.

"ಆ ಕಾರು ಕೆಟ್ಟಿರ್ಲಿಲ್ಲ ಗಿರಿಜಾ. ಚೆನ್ನಾಗಿತ್ತು. ನೀನು ಕಲೀಬಾರ್ದು ಅಂತ ಸುಳ್ಳು ಹೇಳ್ದೆ."

ಅವಳು ನನ್ನ ಕಡೆ ತಿರುಗಿದಳು. "ಉಮಾನ್ನ ಎತ್ಕೊಂಡು ಹಿಂದೆ ಕೂತಿದ್ರಲ್ಲ, ಆವಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

ಉಮಾ ಎದ್ದು ಒಳಗೆ ಹೋದಳು. ಗಿರಿಜೆ ಅಳಲಿಲ್ಲ, ಬೈಯಲಿಲ್ಲ. ಹೇಳಿದ್ದು ಇಷ್ಟೇ: "ನನ್ ಹೆಂಡ್ತಿ ಕಾರ್ ಓಡಿಸ್ತಾಳೆ ಅಂತ ಊರೂರಲ್ಲಿ ಹೇಳ್ಕೊಂಡು ತಿರುಗಿದ್ರಿ. ಇದನ್ನೂ ಹೇಳಿ."

ಅಂದಿನಿಂದ ಅವಳ ಪಾದಕ್ಕೆ ಉಮಾ ಎಣ್ಣೆ ಹಚ್ಚುತ್ತಾಳೆ. ನಾನು ಬಟ್ಟಲು ತೆಗೆದುಕೊಂಡು ಹೋದರೆ ಗಿರಿಜೆ ಕಾಲನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಾಳೆ. ಹಾಗೆ ಮಾಡಬೇಡ ಎನ್ನಲು ನನಗೆ ಯಾವ ಹಕ್ಕಿದೆ?

ಗಿರಣಿಗೆ ಬರುವವರಿಗೆ ಒಬ್ಬೊಬ್ಬರಿಗೇ ಹೇಳುತ್ತಿದ್ದೇನೆ. ಕೆಲವರು ನಕ್ಕರು, ಕೆಲವರು ಹಿಟ್ಟು ಕಟ್ಟಿಕೊಂಡು ಹೊರಟುಹೋದರು. ಗಿರಣಿಗೆ ಬಾರದವರಿಗಾಗಿ ಇದನ್ನು ಬರೆದೆ. ನಾಳೆ ಹಿರೇನಲ್ಲೂರಿನಲ್ಲಿ ನೆಂಟರ ಮನೆಯ ಗೃಹಪ್ರವೇಶ. ಗಿರಿಜಮ್ಮ ಕಾರಿನಲ್ಲಿ ಬರಲಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅವಳು ಎಂಥ ಡ್ರೈವರ್ ಎಂಬುದನ್ನು ಮೊದಲಿನ ಹೆಮ್ಮೆಯಿಂದಲೇ ಹೇಳುತ್ತೇನೆ. ಅವಳು ಅಷ್ಟು ನೋವು ತಿಂದದ್ದು ಯಾರಿಂದ ಎಂಬುದನ್ನೂ, ಅದೇ ಉಸಿರಿನಲ್ಲಿ.