ಪದ್ಮಕ್ಕನ ಫುಟ್‌ಪಾತ್ ರಂಗೋಲಿ

ಇವತ್ತು ಬೆಳಿಗ್ಗೆ ಕಾಫಿಗೆ ರಂಗೋಲಿ ಪುಡಿ ಬೆರೆಸುವುದರಲ್ಲಿದ್ದೆ. ಹೆಂಡತಿ ತವರಿಗೆ ಹೋಗಿದ್ದಾಳೆ. ಕೆಲಸದ ಮೀನಾ ನಿನ್ನೆ ನಮ್ಮ ಸೊಸೈಟಿಯ ಗೇಟಿನ ಹೊರಗೆ ಚರಂಡಿಯ ಮುರಿದ ಚಪ್ಪಡಿಗೆ ಕಾಲು ಸಿಕ್ಕಿಸಿಕೊಂಡು ಬಿದ್ದು, ಇವತ್ತು ಬಂದಿಲ್ಲ. ಸಕ್ಕರೆ ಎಲ್ಲಿದೆ ಎಂದು ಹೆಂಡತಿಗೆ ಫೋನ್ ಮಾಡಿದರೆ ಇಷ್ಟು ವರ್ಷ ಸಂಸಾರ ಮಾಡಿದವನ ಮರ್ಯಾದೆ ಉಳಿಯುವುದಿಲ್ಲ. ಹಾಗಾಗಿ ನಾನೇ ಹುಡುಕಿದೆ. ಮೇಲಿನ ಶೆಲ್ಫಿನ ಮೂಲೆಯಲ್ಲಿ ಗಾಜಿನ ಭರಣಿ, ಅದರೊಳಗೆ ಬೆಳ್ಳನೆಯ ಪುಡಿ. ಚಮಚ ಹಾಕಿದಾಗ ಕರಕರ ಎಂದಿತು ನೋಡಿ, ಆಗ ಬುದ್ಧಿ ಬಂತು.

ಅದು ಪದ್ಮಕ್ಕ ಕೊಟ್ಟ ಭರಣಿ. ನಾವು ಕರೋಲ್ ಬಾಗ್ ಬಿಟ್ಟು ಈ ಗ್ರೇಟರ್ ನೋಯ್ಡಾಕ್ಕೆ ಹೊರಟ ದಿನ, "ಹೊಸ ಮನೆ ಬಾಗಿಲಿಗೆ ಬೇಕಾಗ್ತದೆ" ಎಂದು ಹೆಂಡತಿಯ ಕೈಗೆ ಕೊಟ್ಟಿದ್ದರು. ಇಲ್ಲಿ ಬಾಗಿಲ ಎದುರಿಗಿರುವುದು ಲಿಫ್ಟು. ಭರಣಿ ಶೆಲ್ಫು ಹತ್ತಿತು.

ಪದ್ಮಕ್ಕ ಯಾರೆಂದು ಹೇಳಿಬಿಡುತ್ತೇನೆ. ಕುಂದಾಪುರದ ಕಡೆಯವರು. ಗಂಡನ ಜೊತೆ ದಿಲ್ಲಿಗೆ ಬಂದು ಹೋಟೆಲು ತೆರೆದವರು. ನಾನು ಅವರನ್ನು ಕಂಡ ಕಾಲಕ್ಕೆ ಗಲ್ಲಾದ ಮೇಲೆ ಮಗ ಸುಧಾಕರ ಕೂರುತ್ತಿದ್ದ. ಕೇಂದ್ರ ಸರ್ಕಾರದ ಗುಮಾಸ್ತನಾದ ನಾನು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಸಂಜೆ ನಾಲ್ಕರ ಹೊತ್ತಿಗೆ ಪದ್ಮಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಟೆಲಿಗೆ ನಡೆದು ಹೋಗುತ್ತಿದ್ದರು. ಅವರು ಸಾಂಬಾರಿನ ಉಪ್ಪು ನೋಡಿ "ಆಯ್ತು" ಎಂದ ಮೇಲೆಯೇ ಪಾತ್ರೆ ಒಲೆಯಿಂದ ಇಳಿಯಬೇಕು. ಹೋಟೆಲಿನಲ್ಲಿ ಅವರಿಗೆ ಉಳಿದಿದ್ದ ಉದ್ಯೋಗ ಅದೊಂದೇ. ಆದರೆ ಅದರ ಗತ್ತು ನಮ್ಮ ಕಚೇರಿಯ ದೊಡ್ಡ ಸಾಹೇಬರಿಗೂ ಇರಲಿಲ್ಲ.

ಮನೆಗೂ ಹೋಟೆಲಿಗೂ ನಡುವೆ ಒಂದೇ ರಸ್ತೆ. ಆದರೆ ಎಂಥ ರಸ್ತೆ! ಫುಟ್‌ಪಾತಿನ ಅರ್ಧ ಸ್ಕೂಟರುಗಳಿಗೆ ಸೇರಿದ್ದು. ಇನ್ನರ್ಧದಲ್ಲಿ ಅಂಗಡಿಯವರ ಸೀರೆ ಉಟ್ಟ ಗೊಂಬೆಗಳು, ಜನರೇಟರು, ಛೋಲೆ ಭಟೂರೆಯ ಗಾಡಿ. ಮಿಕ್ಕ ಜಾಗದಲ್ಲಿ ಕಲ್ಲು ಕಿತ್ತ ಗುಂಡಿಗಳು. ಗೊಂಬೆಗಳಿಗಿದ್ದ ಜಾಗ ಮನುಷ್ಯರಿಗಿರಲಿಲ್ಲ. ಒಂದು ಚಳಿಗಾಲದ ಸಂಜೆ ಪದ್ಮಕ್ಕ ಅಂಥದೇ ಗುಂಡಿಯಲ್ಲಿ ಕಾಲು ಉಳುಕಿಸಿಕೊಂಡು ಬಿದ್ದರು.

"ಅಮ್ಮ, ಫುಟ್‌ಪಾತ್ ಸರಿ ಆಗುವ ತನಕ ನೀನು ಹೋಟೆಲಿಗೆ ಬರೋದು ಬೇಡ. ಸಾಂಬಾರು ಮನೆಗೇ ಬರ್ತದೆ" ಎಂದ ಸುಧಾಕರ.

"ಅಚ್ಛಾ! ಹಾಗಾದ್ರೆ ಇನ್ನು ಸಾಯುವ ತನಕ ಮನೆಯೊಳಗೇ ಇರು ಅಂತ ಹೇಳು ಮಾರಾಯ" ಎಂದರು ಪದ್ಮಕ್ಕ.

ಸಾಂಬಾರು ಮನೆಗೆ ಬರತೊಡಗಿತು. ಬರುವಷ್ಟರಲ್ಲಿ ಆರಿರುತ್ತಿತ್ತು. ಆರಿದ ಸಾಂಬಾರು ನಾಲಿಗೆಗೆ ಉಪ್ಪುಪ್ಪಾಗಿ ಹತ್ತುತ್ತದೆ. ಪದ್ಮಕ್ಕ "ಉಪ್ಪು ಜಾಸ್ತಿ" ಎಂದು ಹೇಳಿ ಕಳಿಸುವರು, ಅಲ್ಲಿ ಮರುದಿನ ಉಪ್ಪು ಇಳಿಸುವರು. ಕೊನೆಕೊನೆಗೆ ಹೋಟೆಲಿನ ಸಾಂಬಾರು ಜ್ವರದವರಿಗೆ ಮಾಡಿದ ಹಾಗೆ ಸಪ್ಪೆಯಾಯಿತು. ಗಿರಾಕಿಗಳು ಗೊಣಗಿದರು, ನಾನೂ ಗೊಣಗಿದೆ. ಆದರೆ ಅಮ್ಮನ ನಾಲಿಗೆಯ ಮೇಲೆ ಅಪೀಲು ಹೋಗುವ ಧೈರ್ಯ ಸುಧಾಕರನಿಗೂ ಇರಲಿಲ್ಲ. ಇದು ಪದ್ಮಕ್ಕನಿಗೆ ಗೊತ್ತಾದ ದಿನ ಅವರು ಊಟ ಮಾಡಲಿಲ್ಲ. ನನಗೆ ಬಹಳ ಸಂಕಟವಾಯಿತು.

ಅದೇ ದಿನಗಳಲ್ಲಿ ನಮ್ಮ ರಸ್ತೆಯನ್ನು ನಡೆಯುವವರಿಗೆ ಅನುಕೂಲವಾಗುವಂತೆ ಸರಿಪಡಿಸುತ್ತಾರೆಂದು ಸುದ್ದಿ ಬಂತು. ನಿವಾಸಿಗಳ ಅಭಿಪ್ರಾಯ ಕೇಳಲು ಪಾರ್ಕಿನಲ್ಲಿ ಸಭೆ. ನನ್ನ ತೋಳು ಹಿಡಿದು ಪದ್ಮಕ್ಕನೂ ಬಂದರು. ಎಲ್ಲರೂ ಪಾರ್ಕಿಂಗ್ ವಿಷಯವನ್ನೇ ಎಳೆದಾಡಿದರು. ಆಗ ಪದ್ಮಕ್ಕ ಎದ್ದರು. ಅವರ ಹಿಂದಿಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ, ಎಲ್ಲವೂ ಸಮಾನ. "ನಿಮ್ಮ ಗಾಡಿ ಎಲ್ಲಿ ನಿಲ್ಬೇಕು ಅಂತ ಎಲ್ರೂ ಹೇಳಿದ್ರಿ. ನಾನು ಎಲ್ಲಿ ಕಾಲಿಡ್ಬೇಕು, ಅದನ್ನೊಂದು ಹೇಳಿ" ಎಂಬರ್ಥದ್ದೇನೋ ಹೇಳಿದರು. ಸಭೆ ನಡೆಸುತ್ತಿದ್ದ ಹುಡುಗಿ, ಎಂಜಿನಿಯರಮ್ಮ, ಎಲ್ಲರಿಗೂ ಸೀಮೆಸುಣ್ಣ ಹಂಚಿ, ನೀವು ಎಡವುವ ಕಡೆಯಲ್ಲೆಲ್ಲ ಗುರುತು ಹಾಕಿ ಎಂದಳು.

ಹಾಕಿದೆವು. ಕರೋಲ್ ಬಾಗಿನ ಜನಸಾಗರ ಒಂದೇ ಸಂಜೆಯಲ್ಲಿ ಅದನ್ನು ಅಳಿಸಿ ಹಾಕಿತು.

"ಸೀಮೆಸುಣ್ಣ ಯಾರಾದ್ರೂ ತುಳೀತಾರೆ. ರಂಗೋಲಿ ತುಳೀಲಿಕ್ಕೆ ಯಾರಿಗೆ ಮನಸ್ಸು ಬರ್ತದೆ?" ಎಂದರು ಪದ್ಮಕ್ಕ. ಸುಧಾಕರ ನಸುಕಿಗೇ ಹೋಟೆಲಿಗೆ ಹೋದ ಮೇಲೆ ದಿನವೂ ನಮ್ಮಿಬ್ಬರ ಮೆರವಣಿಗೆ. ಭರಣಿ ಹಿಡಿಯುವವನು ನಾನು. ಅವರು ಒಂದೊಂದು ಗುಂಡಿಯ ಸುತ್ತಲೂ ಚುಕ್ಕಿ ಇಟ್ಟು ಎಳೆ ಎಳೆಯುತ್ತಿದ್ದರು. ಎದುರುಮನೆಯ ಪಂಜಾಬಿ ಆಂಟಿ ಇದನ್ನು ನೋಡಿ ದೀಪಾವಳಿಯಲ್ಲಿ ಮಿಕ್ಕಿದ ಬಣ್ಣಗಳನ್ನು ತಂದರು. ನಂಬಿದರೆ ನಂಬಿ, ಸ್ಕೂಟರುಗಳು ದೂರ ಸರಿದವು. ಜನ ಸುತ್ತು ಬಳಸಿ ನಡೆದರು. ಯಾರೂ ಬೀಳಲಿಲ್ಲ.

ಕೊನೆಗೂ ಕೆಲಸ ಶುರುವಾಯಿತು, ಭರದಿಂದ ಸಾಗಿತು. ಒಂದು ಸಂಜೆ ಕಚೇರಿಯಿಂದ ಬಂದು ನೋಡುತ್ತೇನೆ, ಈ ತುದಿಯಿಂದ ಆ ತುದಿಯವರೆಗೆ ಹೊಸ ಕಲ್ಲಿನ ಹಾಸು. ನಡುನಡುವೆ, ರಂಗೋಲಿ ಇದ್ದ ಕಡೆಯಲ್ಲೆಲ್ಲ, ಅದೇ ಹಳೆಯ ಗುಂಡಿಗಳು! ದಿಲ್ಲಿಯಲ್ಲಿ ರಂಗೋಲಿ ಕಾಣುವುದು ಹಬ್ಬಕ್ಕೆ. ದಿನವೂ ಬೀಳುವ ರಂಗೋಲಿಯೆಂದರೆ ಅದು ದೇವರ ಜಾಗವೇ ಸೈ ಎಂದು ಕೆಲಸದವರು ತೀರ್ಮಾನಿಸಿದ್ದರು. "ಪೂಜಾ ಕೀ ಜಗಹ ಹೈ ಸಾಬ್, ಹಮ್ ಕೈಸೇ ತೋಡೇಂ?" ಪೂಜೆಯ ಜಾಗ, ಹೇಗೆ ಒಡೆಯುವುದು ಎಂದು ಮೇಸ್ತ್ರಿ ಕೈಮುಗಿದ. ಕೆಲಸ ಮುಗಿಯಿತೆಂದು ಅವರ ಸಾಮಾನೆಲ್ಲ ಟೆಂಪೋಗೆ ಏರುತ್ತಿತ್ತು.

ಪದ್ಮಕ್ಕ ಹೊರಗೆ ಬಂದು ನೋಡಿ ಮೊದಲು ನಕ್ಕರು. ಟೆಂಪೋ ಕಂಡದ್ದೇ ಮುಖ ಬಾಡಿತು. ಈ ಗುಂಡಿಗಳು ಉಳಿದರೆ ಸುಧಾಕರನ ಅಪ್ಪಣೆಯೂ ಉಳಿಯುತ್ತದೆ. ಒಳಗೆ ಹೋಗಿ ಕಡ್ಡಿಪೊರಕೆ ತಂದರು, ನನ್ನ ಕೈಗೆ ನೀರಿನ ಬಕೆಟ್ ಕೊಟ್ಟರು.

"ರಂಗೋಲಿ ನನ್ನದು, ಗುಂಡಿ ನಿಮ್ಮದು. ನನ್ನದನ್ನು ನಾನು ತೆಗೀತೇನೆ, ನಿಮ್ಮದನ್ನು ನೀವು ಮುಚ್ಚಿ."

ಇದನ್ನೂ ಅವರು ಹಿಂದಿಯಲ್ಲೇ ಹೇಳಿದ್ದು, ಮೇಸ್ತ್ರಿಗೆ ಅರ್ಥವಾಯಿತು. ಆದರೂ ಕಾಲಿಡಲು ಹಿಂಜರಿದ. ಪದ್ಮಕ್ಕ ನನ್ನ ಭುಜ ಹಿಡಿದು, ತಾವೇ ಗುಡಿಸಿದ ಒದ್ದೆ ಗುಂಡಿಯೊಳಗೆ ಇಳಿದು ನಿಂತರು. ಕೊನೆಯ ಕಲ್ಲು ಕೂರುವವರೆಗೂ ಅವರು ಮನೆಯೊಳಗೆ ಹೋಗಲಿಲ್ಲ.

ಮರುದಿನ ಅರ್ಧ ದಿನ ರಜೆ ಹಾಕಿ ನಾನು ಹೋಟೆಲಿನಲ್ಲಿ ಕೂತಿದ್ದೆ. ನಾಲ್ಕರ ಹೊತ್ತಿಗೆ ಪದ್ಮಕ್ಕ ಒಬ್ಬರೇ ನಡೆದು ಬಂದರು. ಸುಧಾಕರ ಗಲ್ಲಾ ಬಿಟ್ಟು ಎದ್ದು ನಿಂತ. ಅವರು ಸೀದಾ ಅಡುಗೆಮನೆಗೆ ಹೋಗಿ, ಒಂದು ಸೌಟು ಬಾಯಿಗೆ ಹಾಕಿಕೊಂಡು, "ಉಪ್ಪು ಎಲ್ಲುಂಟು ಮಾರಾಯ?" ಎಂದು ಗದರಿದರು. ನನ್ನ ಕಣ್ಣು ತುಂಬಿ ಬಂತು. ಸಾಂಬಾರಿನ ಖಾರಕ್ಕೆ ಎಂದು ಸುಳ್ಳು ಹೇಳಬಹುದಿತ್ತು, ಆದರೆ ಅದು ಇನ್ನೂ ಸಪ್ಪೆಯೇ ಇತ್ತು.

ಭರಣಿ ಹಿಡಿದು ನಿಂತು ಇಷ್ಟೆಲ್ಲ ನೆನೆಯುವಷ್ಟರಲ್ಲಿ ಕಾಫಿ ಆರಿತು. ಮೀನಾ ಬಿದ್ದ ಆ ಚಪ್ಪಡಿಯನ್ನು ನಾನು ನೋಡಿಯೇ ಇರಲಿಲ್ಲ. ಹೇಗೆ ನೋಡಲಿ? ನಾನು ಆ ಗೇಟು ದಾಟುವುದು ಕಾರಿನಲ್ಲಿ. ಭರಣಿ ಎತ್ತಿಕೊಂಡು ಕೆಳಗಿಳಿದೆ. ಆ ಚಪ್ಪಡಿಯ ಸುತ್ತ ನಾನಿಟ್ಟ ಚುಕ್ಕಿಗಳು ಒಂದೊಂದು ದಿಕ್ಕಿಗೆ ಓಡಿದವು. ಗೇಟಿನ ಗಾರ್ಡು ನಗು ತಡೆದುಕೊಂಡ. ಫೋಟೋ ತೆಗೆದು ಪದ್ಮಕ್ಕನಿಗೆ ಕಳಿಸಿದೆ. ತಕ್ಷಣ ಫೋನು ಬಂತು.

"ಎಂಥದು ಮಾರಾಯ ಅದು, ಕೋಳಿ ಕೆದರಿದ ಹಾಗೆ! ಇರ್ಲಿ. ಹಾಕಿ ಮನೆಗೆ ಹೋಗ್ಬೇಡ, ಗೊತ್ತುಂಟಲ್ಲ? ಮುಚ್ಚುವವರು ಬರುವ ತನಕ ಅಲ್ಲೇ ನಿಲ್ಲು."

ಕಾರಿನ ಕೀಲಿ ಜೇಬಿನಲ್ಲೇ ಉಳಿಯಿತು. ಗಾರ್ಡು ತನ್ನ ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟ. ಸ್ವಲ್ಪ ಹೊತ್ತಿಗೆ ಮೇಲಿನ ಫ್ಲ್ಯಾಟಿನವರ ಕಾರು ಬಂದು ನಿಂತು, ಗಾಜು ಅರ್ಧ ಇಳಿಯಿತು.

"ಕ್ಯಾ ಹುವಾ ಭಾಯ್‌ಸಾಬ್, ಪೂಜಾ ಹೈ ಕ್ಯಾ?"

"ಪೂಜೆಯಲ್ಲ, ಗುಂಡಿ. ಅಲ್ಲಿಂದ ಕಾಣುವುದಿಲ್ಲ, ಇಳಿದು ಬನ್ನಿ" ಎಂದೆ.

ಅವರು ಇಳಿದು ಬಂದರು.